ದೊಡ್ಡವರ ದೋಷ

(ಹೊಸ ಅಗ್ರಹಾರದಲ್ಲಿ ಶ್ರಾವಣಮಾಸದ ಪ್ರವಚನಮಾಲೆಯಲ್ಲಿ ಅನುಗ್ರಹಿಸಿದ ಉಪದೇಶ)



ಈ ಪ್ರವಚನಮಾಲೆಯಲ್ಲಿ ಇದುವರೆಗೆ ಮಹಾತ್ಮರ ಗುಣಗಳನ್ನು ಕುರಿತು ಹೇಳಿದ್ದಾಯಿತು. ಗುಣವನ್ನು ಹೇಳುವುದು ಸುಲಭ. ಕೇಳುವುದು ಅದಕ್ಕಿಂತಲೂ ಸುಲಭ. ಈ ಹೊತ್ತು ಸ್ವಲ್ಪ ಕಠಿಣವಾದ ವಿಷಯವನ್ನು ಎತ್ತಿಕೊಳ್ಳುತ್ತೇವೆ. ಲೋಕವೆಲ್ಲ ದೊಡ್ಡವನೆಂದು ಕೊಂಡಾಡುವ ಪುರುಷನಲ್ಲಿ ದೊಡ್ಡದೊಂದು ದೋಷ ಕಂಡರೆ ನಾವೇನು ಮಾಡಬೇಕು? ಕಣ್ಣು ಮುಚ್ಚಿಕೊಳ್ಳಬೇಕೆ? ಇಲ್ಲವೆ, ಅವನ ಹೆಸರನ್ನೇ ಅಳಿಸಿಹಾಕಬೇಕೆ?

ದೃಷ್ಟಾಂತಕ್ಕಾಗಿ ದೂರ ಹೋಗಬೇಕಾಗಿಲ್ಲ. ನಮ್ಮ ಮೈಸೂರನ್ನು 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರನ್ನೇ ತೆಗೆದುಕೊಳ್ಳಿ. ಬೊಕ್ಕಸ ತುಂಬಿಸಿ ‘ನವಕೋಟಿ ನಾರಾಯಣ’ ಎನಿಸಿಕೊಂಡ ದೊರೆ. ರಾಜ್ಯಭಾರವನ್ನು ಹದಿನೆಂಟು ಚಾವಡಿಗಳಾಗಿ ವಿಂಗಡಿಸಿ ಅಠಾರಾ ಕಚೇರಿಯನ್ನು ಕಟ್ಟಿದರು. ಅಂಚೆಯ ವ್ಯವಸ್ಥೆ ಮಾಡಿದರು. 1687ರಲ್ಲಿ ಮೊಗಲರ ಸೇನಾನಿಯಿಂದ ಮೂರು ಲಕ್ಷ ರೂಪಾಯಿಗೆ ಬೆಂಗಳೂರನ್ನು ಕೊಂಡುಕೊಂಡರು. ಅವರ ಬೆಣ್ಣೆ ಚಾವಡಿಯ ದನದ ಹಿಂಡುಗಳೇ ಮುಂದೆ ಅಮೃತಮಹಲ್ ಎನಿಸಿಕೊಂಡವು. ಆ ರಾಸುಗಳಿಂದ ನಮ್ಮ ಹುಣಸೂರಿಗೆ ಹೆಸರು ಬಂತು. ಕಾವೇರಿಯ ಎಡದಂಡೆಯಲ್ಲಿ ಅವರ ಹೆಸರಿನ ನಾಲೆ ಇಂದಿಗೂ ಗದ್ದೆಗೆ ನೀರುಣಿಸುತ್ತಿದೆ. ಅವರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮನೆಂಬ ಹೆಣ್ಣುಮಗಳು ‘ಹದಿಬದೆಯ ಧರ್ಮ’ವನ್ನು ಬರೆದು ಕವಿಯಾದಳು. ಊಳಿಗದವಳ ಪ್ರತಿಭೆಗೆ ನೀರೆರೆದ ಅರಮನೆ ಸಾಮಾನ್ಯವಾದುದಲ್ಲ. ಇದೆಲ್ಲವೂ ನಿಜ, ಇದನ್ನು ನಾವು ಮನಸಾರೆ ಒಪ್ಪಬೇಕು.

ಇನ್ನು ಮತ್ತೊಂದು ಪಕ್ಕವನ್ನು ಕೇಳಿ. ಬೆಳೆಯ ಆರನೆಯ ಒಂದು ಪಾಲು ರಾಜನಿಗೆ ಎಂಬುದು ಶಾಸ್ತ್ರದ ಮರ್ಯಾದೆ. ಆ ಆರನೆಯ ಪಾಲನ್ನು ದೊರೆ ಮೀರಲಿಲ್ಲ. ಆದರೆ ಅದರ ಮೇಲೆ ಹಲವು ಸಣ್ಣಪುಟ್ಟ ತೆರಿಗೆಗಳನ್ನು ಹೇರಿ, ಶಾಸ್ತ್ರದ ಅಕ್ಷರವನ್ನು ಉಳಿಸಿ ಅರ್ಥವನ್ನು ಕೆಡಿಸಿದರು. ರೈತರು ಆರು ಕಟ್ಟುವುದನ್ನು ನಿಲ್ಲಿಸಿ, ನೇಗಿಲನ್ನು ಊರ ಮುಂದಿನ ಮರಕ್ಕೆ ತೂಗುಹಾಕಿ, ಊರು ಬಿಟ್ಟು ಹೋಗಲು ನಿಂತರು. ಭೂಮಿತಾಯಿಯನ್ನೇ ನಂಬಿದವನು ನೇಗಿಲನ್ನು ಮರಕ್ಕೆ ಕಟ್ಟಬೇಕಾದರೆ ಅವನ ಹೊಟ್ಟೆಯ ಸಂಕಟ ಎಷ್ಟಿರಬೇಕು! ಈ ಕೋಲಾಹಲಕ್ಕೆ ಜಂಗಮರೇ ಕಾರಣರೆಂದು ಅರಮನೆ ಬಗೆಯಿತು. ನಂಜನಗೂಡಿನ ದೇವಾಲಯಕ್ಕೆ ಜಂಗಮರನ್ನು ಬರಮಾಡಿಕೊಂಡರು. ಒಬ್ಬೊಬ್ಬರಾಗಿ ದೊರೆಯ ದರ್ಶನ. ಅಲ್ಲಿಂದ ಮುಂದೆ ಉಪಚಾರವೂ ವಸ್ತ್ರದಾನವೂ ಉಂಟೆಂದು ನಂಬಿ ಹೋದವರಿಗೆ ಡೇರೆಯ ಪರದೆಯ ಹಿಂದೆ ಖಡ್ಗ ಕಾದಿತ್ತು, ಗುಂಡಿ ತೋಡಿತ್ತು. ಹೀಗೆ ಸುಮಾರು ನಾನೂರು ಮಂದಿ. ಬಳಿಕ ಏಳುನೂರು ಮಠಗಳನ್ನು ಕೆಡಹುವ ಅಪ್ಪಣೆ. ಹೀಗೆಂದು ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ಎಂಬ ಇಂಗ್ಲಿಷ್ ಅಧಿಕಾರಿ 1810ರಲ್ಲಿ ಅಚ್ಚಾಗತೊಡಗಿದ ತಮ್ಮ ಚರಿತ್ರೆಯಲ್ಲಿ ಬರೆದರು.

ಈಗ ನಿಮ್ಮಲ್ಲಿ ಕೆಲವರ ರಕ್ತ ಕುದಿಯುತ್ತಿರಬಹುದು. ಕುದಿಯುವುದು ಸಹಜ, ಸತ್ತವರು ನಮ್ಮವರು. ಆದರೆ ಕುದಿಯುವ ನೀರಿನಲ್ಲಿ ಮುಖ ಕಾಣುವುದಿಲ್ಲ. ಆದ್ದರಿಂದ ನಾಲ್ಕು ಮಾತುಗಳನ್ನು ಸಮಾಧಾನದಿಂದ ವಿಚಾರಿಸೋಣ.

ಮೊದಲನೆಯದು ಪ್ರಮಾಣ. ಆಪ್ತನ ಮಾತೇ ಶಬ್ದಪ್ರಮಾಣವೆಂದು ನೈಯಾಯಿಕರು ಹೇಳುತ್ತಾರೆ. ವಿಲ್ಕ್ಸ್ ಬರೆದದ್ದು ದೊರೆ ಕಾಲವಾದ ನೂರು ವರ್ಷಕ್ಕೂ ಮೇಲೆ. ತಾವು ಕಣ್ಣಾರೆ ಕಂಡದ್ದನ್ನಲ್ಲ. ಈ ವೃತ್ತಾಂತವನ್ನು ಸಂದೇಹಿಸಿದ ಇತಿಹಾಸಕಾರರೂ ಉಂಟು. ಆದಕಾರಣ ನಾನೂರು, ಏಳುನೂರು ಎಂಬ ಲೆಕ್ಕವನ್ನು ಆಣೆಯಿಟ್ಟು ಹೇಳುವ ಅಧಿಕಾರ ನಮಗಿಲ್ಲ. ನಮ್ಮವರ ದುಃಖವೆಂದು ಅದನ್ನು ನಾಲ್ಕುಸಾವಿರ ಮಾಡುವುದು ಸುಳ್ಳು. ದೊರೆಯ ಕೀರ್ತಿಗೆ ಕುಂದೆಂದು ಅದನ್ನು ಬಾಯಿಗೇ ತಾರದಿರುವುದು ಇನ್ನೊಂದು ಬಗೆಯ ಸುಳ್ಳು. ಹೇಳುವಾಗ ‘ಹೀಗೆ ಬರೆದಿದೆ, ಇಂಥವರು ಬರೆದಿದ್ದಾರೆ’ ಎಂದು ಹೇಳಿ. ಸತ್ಯಕ್ಕೆ ಒಗ್ಗರಣೆ ಬೇಡ.

ಎರಡನೆಯದು, ತಕ್ಕಡಿಯ ಭ್ರಾಂತಿ. ‘ಅಷ್ಟು ಒಳ್ಳೆಯದು ಮಾಡಿದವರು, ಇದೊಂದನ್ನು ಬಿಡಿ’ ಎನ್ನುವವರಿದ್ದಾರೆ. ‘ಇಂಥದು ಮಾಡಿದವರ ಒಳ್ಳೆಯದೂ ಬೇಡ’ ಎನ್ನುವವರೂ ಇದ್ದಾರೆ. ಇಬ್ಬರೂ ಗುಣವನ್ನು ಒಂದು ತಟ್ಟೆಯಲ್ಲಿ, ದೋಷವನ್ನು ಇನ್ನೊಂದು ತಟ್ಟೆಯಲ್ಲಿ ಇಟ್ಟು ಕಳೆಯುವ ಲೆಕ್ಕ ಹಾಕುತ್ತಾರೆ. ನಾಲೆಯ ನೀರು ನೆತ್ತರನ್ನು ತೊಳೆಯಲಾರದು. ನೆತ್ತರಿನ ಕಾರಣದಿಂದ ನಾಲೆಯ ನೀರು ಬತ್ತುವುದೂ ಇಲ್ಲ. ಎರಡೂ ಉಳಿಯುತ್ತವೆ. ಎರಡನ್ನೂ ಕಾಣುವುದೇ ವಿವೇಕ. ವ್ಯಾಸರು ಧರ್ಮರಾಜನನ್ನು ಎಷ್ಟು ಕೊಂಡಾಡಿದರೂ ಅಶ್ವತ್ಥಾಮನ ಹೆಸರಿನಲ್ಲಿ ಅವನು ಆಡಿದ ಅರೆಸತ್ಯವನ್ನು ಮುಚ್ಚಲಿಲ್ಲ. ನೆಲ ಮುಟ್ಟದೆ ಓಡುತ್ತಿದ್ದ ಅವನ ರಥ ಅಂದು ನೆಲಕ್ಕಿಳಿಯಿತೆಂದು ಬರೆದರು. ಕೊನೆಯಲ್ಲಿ ನರಕದರ್ಶನವನ್ನೂ ಮಾಡಿಸಿದರು. ಬರೆದವರು ಅವನ ಅಜ್ಜ! ಮೊಮ್ಮಗನೆಂಬ ಮೋಹ ಅವರ ಲೇಖನಿಯನ್ನು ತಡೆಯಲಿಲ್ಲ.

ಮೂರನೆಯದು, ದೋಷವನ್ನು ಮಾಡಿದವನ ಮೇಲೆಯೇ ಇಡಬೇಕು. ಅವನ ಕುಲದ ಮೇಲೆ, ಮತದ ಮೇಲೆ ಹೊರಿಸಬಾರದು. ಆಗ ಮಂತ್ರಿಯಾಗಿದ್ದ ವಿಶಾಲಾಕ್ಷ ಪಂಡಿತರು ಜೈನರು. ಅದನ್ನೇ ಹಿಡಿದುಕೊಂಡು ಜೈನಮತವನ್ನು ದೂಷಿಸುವುದು ಪಾಪ. ಆ ಪಂಡಿತರೂ 1686ರಲ್ಲಿ ಕೊಲೆಗೀಡಾದರು. ಆ ಸಾವನ್ನು ನೆನೆದು ಹಿಗ್ಗುವವನು ಶರಣನಾಗಲಾರ. ದೊರೆಯ ವಂಶದ ಮಾತೂ ಹಾಗೆಯೇ. ಅದೇ ವಂಶದ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿ, ಸರ್ಕಾರಿ ಚಾಕರಿಯಲ್ಲಿ ಹಿಂದುಳಿದಿದ್ದ ಜನಗಳಿಗೆ ಬಾಗಿಲು ತೆರೆದರು. ಲಿಂಗವಂತರ ಎಷ್ಟೋ ಮನೆಗಳ ಮಕ್ಕಳಿಗೂ ಆ ಬಾಗಿಲು ತೆರೆಯಿತು. ಈ ಸೀಮೆಯ ಕೃಷ್ಣರಾಜನಗರ ಅವರ ಹೆಸರನ್ನೇ ಹೊತ್ತಿದೆ. ಪೂರ್ವಜರ ದೋಷವನ್ನು ಅವರ ತಲೆಗೆ ಕಟ್ಟುವುದು ನ್ಯಾಯವೆ?

ನಾಲ್ಕನೆಯದು ಎಲ್ಲಕ್ಕಿಂತ ಕಠಿಣವಾದುದು. ಪರರ ದೊರೆಗೆ ಹಿಡಿದ ಕನ್ನಡಿಯನ್ನು ನಮ್ಮ ಕಡೆಗೂ ತಿರುಗಿಸಬೇಕು. ಸೊನ್ನಲಿಗೆಯ ಸಿದ್ಧರಾಮೇಶ್ವರರ ಕಥೆ ನಿಮಗೆ ತಿಳಿದದ್ದೇ. ಅವರೂ ಕೆರೆ ಕಟ್ಟಿಸಿದರು, ಗುಡಿ ಕಟ್ಟಿಸಿದರು, ಜನ ದೇವರೆಂದು ಪೂಜಿಸಿದರು. ಅಲ್ಲಮಪ್ರಭುಗಳು ಬಂದು ‘ಒಡ್ಡರಾಮ’ ಎಂಬಂತೆ ಕರೆದು ಕೆಣಕಿದಾಗ ಶಿಷ್ಯರು ಕಲ್ಲು ತೂರಿದರು. ಸಿದ್ಧರಾಮರು ಉರಿಗಣ್ಣನ್ನೇ ತೆರೆದರು. ಈ ಕೋಪವನ್ನೂ ಅಹಂಕಾರವನ್ನೂ ಬರೆದವರು ಪರಮತದವರಲ್ಲ. ನಮ್ಮ ಶೂನ್ಯಸಂಪಾದನೆಯವರೇ ಬರೆದು ಕಾಪಾಡಿಕೊಂಡು ಬಂದರು. ಏಕೆ? ತಪ್ಪನ್ನು ಮುಚ್ಚಿದ್ದರೆ ಸಿದ್ಧರಾಮರು ತಿದ್ದಿಕೊಂಡ ಮಹಿಮೆಯೂ ಮುಚ್ಚಿಹೋಗುತ್ತಿತ್ತು. ಕೆರೆ ಕಟ್ಟಿಸಿದ್ದರಿಂದ ಅವರು ದೊಡ್ಡವರಾದದ್ದು ನಿಜ. ಪ್ರಭುವಿನ ಮಾತಿಗೆ ಬಾಗಿದ್ದರಿಂದ ಇನ್ನೂ ದೊಡ್ಡವರಾದರು. ಚಿಕ್ಕದೇವರಾಜರ ಮುಂದೆ ರೈತರು ತೂಗುಹಾಕಿದ ನೇಗಿಲೇ ಒಬ್ಬ ಅಲ್ಲಮಪ್ರಭು. ‘ನಿನ್ನ ಬೊಕ್ಕಸ ತುಂಬಿತು, ನಮ್ಮ ಕಣಜ ಬರಿದಾಯಿತು’ ಎಂದು ಅದು ಹೇಳಿತು. ದೊರೆ ಅದರ ಮಾತನ್ನು ಕೇಳಲಿಲ್ಲ. ಕೇಳಿಸಿದವರು ಯಾರೆಂದು ಹುಡುಕಿಸಿದರು. ದೊಡ್ಡವರು ಕೆಡುವುದು ಇಲ್ಲಿಯೇ.

ಆದುದರಿಂದ ಭಕ್ತರೇ, ಮಠಗಳಿಗೂ ಈ ಮಾತು ಸಲ್ಲುತ್ತದೆ. ಕಾವಿ ತೊಟ್ಟವನು ದೋಷಾತೀತನೆಂದು ಭಾವಿಸಬೇಡಿ. ನಮ್ಮ ಪಾದಕ್ಕೆ ಹಣೆಯಿಡುವ ನೀವು ನಮ್ಮ ನಡೆಯನ್ನೂ ಒರೆಗೆ ಹಚ್ಚಿ ನೋಡಬೇಕು. ತಪ್ಪು ಕಂಡರೆ ಹಿಂದೆ ಆಡಿಕೊಳ್ಳದೆ, ಎದುರಿಗೆ ಬಂದು ವಿನಯದಿಂದ ಹೇಳಬೇಕು. ಹೇಳಿದವನನ್ನು ಮಠದ್ರೋಹಿ ಎನ್ನುವ ಮಠವಿದ್ದರೆ, ಅದು ನಂಜನಗೂಡಿನ ಆ ಪರದೆಯನ್ನು ತಾನೇ ಕಟ್ಟುತ್ತಿದೆ ಎಂದು ತಿಳಿಯಿರಿ.

ಮನೆಯಲ್ಲಿ ಮಕ್ಕಳಿಗೆ ಚಿಕ್ಕದೇವರಾಜರ ಕಥೆಯನ್ನು ಹೇಳಿ. ನಾಲೆಯನ್ನೂ ಹೇಳಿ, ಹೊನ್ನಮ್ಮನನ್ನೂ ಹೇಳಿ, ಮರಕ್ಕೆ ತೂಗಿದ ನೇಗಿಲನ್ನೂ ಹೇಳಿ, ವಸ್ತ್ರದಾನಕ್ಕೆಂದು ಹೋಗಿ ಹಿಂದಿರುಗದ ಜಂಗಮರ ಮಾತನ್ನೂ ಹೇಳಿ. ದ್ವೇಷವನ್ನು ಮಾತ್ರ ಅದರ ಜೊತೆಗೆ ಕಟ್ಟಿಕೊಡಬೇಡಿ. ಹಗೆಯಿಲ್ಲದೆ ನೆನೆಯುವುದನ್ನು ಕಲಿತ ಮಗು ನಾಳೆ ಅಧಿಕಾರಕ್ಕೆ ಬಂದರೆ, ನೇಗಿಲು ಮರ ಏರುವ ಮೊದಲೇ ರೈತನ ಮಾತನ್ನು ಕೇಳುತ್ತದೆ.

ನಿಮ್ಮೆಲ್ಲರಿಗೂ ಅಂಥ ನಿರ್ಮಲ ದೃಷ್ಟಿ ಉಂಟಾಗಲಿ. ಈ ಸೀಮೆ ಮಳೆಬೆಳೆಗಳಿಂದ ತಣ್ಣಗಿರಲಿ ಎಂದು ಹಾರೈಸಿ ಈ ಮಾತುಗಳನ್ನು ಮುಗಿಸುತ್ತೇವೆ.

ಸರ್ವರಿಗೂ ಸನ್ಮಂಗಳವಾಗಲಿ.