ತಲೆಗೆ ಪೆಟ್ಟು ಬಿದ್ದ ಕೆಲಸಗಾರನಿಗೆ ನಡಿಗೆಯ ಚಿಕಿತ್ಸೆ

(ಕನಕಪುರ ರಸ್ತೆಯ ಹಳ್ಳಿಯೊಂದರ ಯುವಕ ಸಂಘದಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ನಾನು ವೈದ್ಯನಲ್ಲ, ಬೇಸಾಯದ ಡಿಪ್ಲೊಮಾ ಓದಿದವನು. ಬೀಜ ಗೊಬ್ಬರದ ಮಾತು ಬಿಟ್ಟು ಇಂದು ತಲೆಪೆಟ್ಟಿನ ಮಾತು ಎತ್ತುವುದಕ್ಕೆ ಕಾರಣವುಂಟು. ದಿನ ಬೆಳಗಾದರೆ ನಮ್ಮವರು ಎಷ್ಟೋ ಮಂದಿ ಬನಶಂಕರಿಯಲ್ಲಿ ಬಸ್ಸಿಳಿದು ಜಯನಗರ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳಿಗೆ ಗಾರೆ ಕೆಲಸಕ್ಕೆ, ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಾರೆ. (ಬಿ.ಟಿ.ಎಂ. ಎಂದರೆ ಭೈರಸಂದ್ರ, ತಾವರೆಕೆರೆ, ಮಡಿವಾಳ. ಅವೂ ಒಂದು ಕಾಲಕ್ಕೆ ನಮ್ಮಂಥ ಹಳ್ಳಿಗಳೇ.)

ನನ್ನ ತಮ್ಮನೂ ಹೋಗುತ್ತಿದ್ದ. ಎರಡು ವರ್ಷದ ಕೆಳಗೆ ಹಲಗೆಯೊಂದು ಅವನ ತಲೆಯ ಮೇಲೆ ಬಿತ್ತು. ರಕ್ತ ಬರಲಿಲ್ಲ. ಮಂಕು ಕವಿದವನಂತೆ ಕೇಳಿದ್ದನ್ನೇ ಕೇಳುತ್ತಿದ್ದ. ಆಸ್ಪತ್ರೆಯಲ್ಲಿ ಸ್ಕ್ಯಾನ್ ತೆಗೆದು, ಒಳಗೆ ರಕ್ತಸ್ರಾವವಿಲ್ಲವೆಂದರು. ಆದರೂ ತಲೆನೋವು, ತಲೆಸುತ್ತು ಬಿಡಲಿಲ್ಲ. ನಮ್ಮವ್ವ ಅವನನ್ನು ಕತ್ತಲೆ ಕೋಣೆಯಲ್ಲಿ ಮಲಗಿಸಿದಳು. ನಾನೂ ಅದೇ ಸರಿ ಎಂದೆ. ಮೂರು ವಾರ ಕಳೆಯಿತು. ನೋವು ಹೋಗಲಿಲ್ಲ, ನಿದ್ದೆ ಕೆಟ್ಟಿತು, ಕೂಲಿ ನಿಂತಿತು. "ಸ್ಕ್ಯಾನಿನಲ್ಲಿ ಏನೂ ಇಲ್ಲವಂತೆ, ಬರೀ ನಾಟಕ" ಎಂದ ಮೇಸ್ತ್ರಿ.

ನಾಟಕವಲ್ಲ. ಮಿದುಳು ಮೆತ್ತನೆಯ ವಸ್ತು. ಪೆಟ್ಟಿಗೆ ಅದು ಬುರುಡೆಯೊಳಗೆ ಅಲುಗಿದಾಗ ಅದರ ಕೆಲಸ ಏರುಪೇರಾಗುತ್ತದೆ. ಇದನ್ನು ಕನ್‌ಕಷನ್ ಎನ್ನುತ್ತಾರೆ. ಸಾಮಾನ್ಯ ಸ್ಕ್ಯಾನಿಗೆ ಇದು ಕಾಣುವುದಿಲ್ಲ. ನಾಡಿಬಡಿತವನ್ನೂ ಮಿದುಳಿಗೆ ಹರಿಯುವ ರಕ್ತವನ್ನೂ ಹದದಲ್ಲಿಡುವ ಏರ್ಪಾಡೂ ಕೆಡುವುದರಿಂದ ಕೊಂಚ ಶ್ರಮಪಟ್ಟರೂ ತಲೆ ಸಿಡಿಯುತ್ತದೆ.

ಹಿಂದೆ ವೈದ್ಯರೂ ನೋವು ಪೂರ್ತಿ ಹೋಗುವ ತನಕ ಮಲಗಿರಿ ಎನ್ನುತ್ತಿದ್ದರು. ಅಮೆರಿಕದ ಬಫಲೋ ವಿಶ್ವವಿದ್ಯಾನಿಲಯದ ಡಾ. ಜಾನ್ ಲೆಡ್ಡಿಯವರೂ ಸಂಗಡಿಗರೂ ಬೇರೆ ದಾರಿ ಹಿಡಿದರು. 2019ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ, ಆಟದಲ್ಲಿ ತಲೆಗೆ ಪೆಟ್ಟು ತಿಂದ 103 ಹುಡುಗ ಹುಡುಗಿಯರಿದ್ದರು. ದಿನವೂ ಸುಮಾರು 20 ನಿಮಿಷ, ನಾಡಿಬಡಿತದ ಅಳತೆಗೆ ತಕ್ಕಂತೆ ವ್ಯಾಯಾಮ ಮಾಡಿದವರು ಸರಿಸುಮಾರು 13 ದಿನಕ್ಕೆ ಗುಣವಾದರು. ಬರೀ ಕೈಕಾಲು ನೀಡುವ ಕಸರತ್ತು ಮಾಡಿದವರಿಗೆ 17 ದಿನ ಹಿಡಿಯಿತು. ಅವರು ಆಟಗಾರರು, ನಮ್ಮವರು ಮೂಟೆ ಹೊರುವವರು; ದಿನದ ಲೆಕ್ಕ ಒಂದೇ ಆಗಬೇಕೆಂದಿಲ್ಲ. ಆದರೆ ದಾರಿ ಒಂದೇ.

ಟೊಮೆಟೊ ಸಸಿ ನಾಟಿ ಮಾಡಿದ ಮೇಲೆ ಬಾಡಿದರೆ ಒಂದೆರಡು ದಿನ ನೆರಳು ಕೊಡುತ್ತೇವೆ. ತಿಂಗಳುಗಟ್ಟಲೆ ಮುಚ್ಚಿಟ್ಟರೆ ಅದು ಬಿಳಿಚಿ ಬೀಳುತ್ತದೆ. ಇಲ್ಲಿಯೂ ಹಾಗೆಯೇ. ಮೊದಲ ಒಂದೆರಡು ದಿನ ಮನೆಯಲ್ಲಿ ವಿಶ್ರಾಂತಿ. ಆಮೇಲೆ ವೈದ್ಯರನ್ನು ಕೇಳಿ, ಸಮತಟ್ಟಾದ ದಾರಿಯಲ್ಲಿ, ಜೊತೆಗೊಬ್ಬರಿದ್ದು, ಮಾತಾಡುತ್ತ ನಡೆಯುವಷ್ಟು ವೇಗದಲ್ಲಿ ನಡಿಗೆ. ನೋವಿಗೆ ಹತ್ತರಲ್ಲಿ ಅಂಕ ಕೊಡಿ. ನಡೆಯುವಾಗ ಎರಡು ಅಂಕಕ್ಕಿಂತ ಹೆಚ್ಚು ಏರಿದರೆ ಅಂದಿಗೆ ನಿಲ್ಲಿಸಿ, ನಾಳೆ ಕಡಿಮೆ ನಡೆಯಿರಿ. ಸಾರಾಯಿ ಕೂಡದು, ಮೋಟಾರ್ ಸೈಕಲ್ ಕೂಡದು, ಏಣಿ ಸಾರ್ವೆ ಹತ್ತುವುದಂತೂ ಕೂಡದೇ ಕೂಡದು.

ಮತ್ತೆ ಮತ್ತೆ ವಾಂತಿ, ಫಿಟ್ಸು, ಎಬ್ಬಿಸಿದರೂ ಏಳದ ಮಂಪರು, ಕೈಕಾಲು ಸೋಲುವುದು, ಮೂಗು ಕಿವಿಯಿಂದ ರಕ್ತ ಅಥವಾ ನೀರು, ಏರುತ್ತಲೇ ಹೋಗುವ ತಲೆನೋವು: ಇವುಗಳಲ್ಲಿ ಒಂದು ಕಂಡರೂ ನಡಿಗೆಯ ಮಾತು ಬಿಟ್ಟು ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಹಗಲು ರಾತ್ರಿ ತುರ್ತು ಚಿಕಿತ್ಸೆ ಉಂಟು.

ನನ್ನ ತಮ್ಮ ನಾಲ್ಕನೆಯ ವಾರ ವೈದ್ಯರ ಮಾತಿನಂತೆ ಕೆರೆ ಏರಿಯ ಮೇಲೆ ಹತ್ತು ನಿಮಿಷದಿಂದ ಶುರುಮಾಡಿದ. ಆಗ ಬಂದದ್ದು ಇನ್ನೊಂದು ತೊಡಕು. "ನಡೆಯಬಲ್ಲವನು ಸಿಮೆಂಟು ಹೊರಲಾರನೇ?" ಎಂದು ಮೇಸ್ತ್ರಿ ಹೇಳಿ ಕಳಿಸಿದ. ಇದಕ್ಕೆ ಹೆದರಿಯೇ ಎಷ್ಟೋ ಮಂದಿ ಮನೆಯಿಂದ ಹೊರಗೆ ಕಾಲಿಡುವುದಿಲ್ಲ. ಈ ನಡಿಗೆ ಚಿಕಿತ್ಸೆಯೇ ಹೊರತು ಕೆಲಸಕ್ಕೆ ಒಪ್ಪಿಗೆಯಲ್ಲ. ನಾವು ವೈದ್ಯರಿಂದಲೇ ಚೀಟಿ ಬರೆಸಿದೆವು: ದಿನವೂ ನಡೆಯಬೇಕು, ಎತ್ತರದ ಕೆಲಸ ಸದ್ಯಕ್ಕಿಲ್ಲ. ಚೀಟಿ ಕಂಡ ಮೇಲೆ ಮೇಸ್ತ್ರಿಯ ಬಾಯಿ ನಿಂತಿತು. ಇನ್ನೈದು ವಾರಕ್ಕೆ ತಮ್ಮ ಕೆಲಸಕ್ಕೆ ಹೋದ, ಮೊದಲು ನೆಲದ ಮೇಲೆ ಕಂಬಿ ಕಟ್ಟುವುದಕ್ಕೆ.