ಕಿವಿ ಕೇಳದ ನಾಯಿಮರಿ

ಬಾನುಲಿಯಲ್ಲಿ ಕಿವುಡಿನ ವಿಷಯ ಮಾತನಾಡುವುದು ಸ್ವಲ್ಪ ವಿಚಿತ್ರವೆಂದು ನಿಮಗೆ ತೋರಬಹುದು. ಇಲ್ಲಿ ನನ್ನ ಮುಖ ನಿಮಗೆ ಕಾಣದು, ಕೈಸನ್ನೆ ಕಾಣದು. ಕಿವಿಯೊಂದೇ ನಮ್ಮ ನಡುವಣ ಬಾಗಿಲು. ನಾನಿಂದು ಹೇಳಹೊರಟಿರುವ ಪ್ರಾಣಿಗೆ ಆ ಬಾಗಿಲೊಂದನ್ನುಳಿದು ಮಿಕ್ಕವೆಲ್ಲ ತೆರೆದಿವೆ. ಕಿವುಡನ ಮುಂದೆ ಕಿನ್ನರಿ ಬಾರಿಸಿದಂತೆ ಎಂಬ ಗಾದೆ ನಮ್ಮಲ್ಲಿದೆಯಷ್ಟೆ. ಕಿನ್ನರಿ ನುಡಿಸುವವನ ಪಕ್ಷ ವಹಿಸಿ ಆಡಿದ ಮಾತು ಅದು. ಎದುರಿಗೆ ಕುಳಿತವನು ಆತನ ಬೆರಳುಗಳನ್ನು ನೋಡುತ್ತಿದ್ದನೇ ಎಂದು ಗಾದೆ ಕಟ್ಟಿದವರು ವಿಚಾರಿಸಿದಂತೆ ಕಾಣೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ - ಈ ನಾಲ್ಕು ತಾಲ್ಲೂಕುಗಳ ಕಡೆ ನಾಯಿಯಿಲ್ಲದ ತೋಟದ ಮನೆ ಅಪರೂಪ. ಕಬ್ಬಿನ ಗದ್ದೆಗೆ ಹಂದಿ ನುಗ್ಗಲಿ, ಹಟ್ಟಿಯ ಬಳಿ ಅಪರಿಚಿತರು ಸುಳಿಯಲಿ, ಮೊದಲು ನಿಮಿರಬೇಕಾದದ್ದು ನಾಯಿಯ ಕಿವಿ. ಅದರ ಯೋಗ್ಯತೆಯೆಲ್ಲ ಕಿವಿಯಲ್ಲೇ ಎಂಬುದು ನಮ್ಮವರ ಎಣಿಕೆ. ಆದ್ದರಿಂದ ಮರಿಗೆ ಕಿವಿ ಕೇಳದೆಂದು ತಿಳಿದ ದಿನವೇ ಮನೆಯಲ್ಲಿ ಅದರ ಸ್ಥಾನ ತಪ್ಪುತ್ತದೆ. ಗೋಣಿಚೀಲದಲ್ಲಿ ಹಾಕಿ ಸಂತೆಮಾಳದಲ್ಲೋ ನಾಲೆಯ ಏರಿಯ ಮೇಲೋ ಬಿಟ್ಟುಬರುವುದುಂಟು. ಪಾಂಡವಪುರದ ನಮ್ಮ ಮನೆಗೆ ಒಂದು ಹೆಣ್ಣುಮರಿ ಬಂದದ್ದು ಹೀಗೆಯೇ, ವಿಶ್ವೇಶ್ವರಯ್ಯ ನಾಲೆಯ ಏರಿಯಿಂದ. ಒಂದೂವರೆ ತಿಂಗಳಿನದಿರಬೇಕು. ಮೈಯೆಲ್ಲ ಬಿಳುಪು, ಮೂಗಿನ ತುದಿ ಮಾತ್ರ ನಸುಗೆಂಪು. ತಟ್ಟೆಯ ಸದ್ದಿಗೆ ಬೀದಿಯ ನಾಯಿಗಳೆಲ್ಲ ಓಡಿಬಂದರೂ ಪಕ್ಕದಲ್ಲೇ ಮಲಗಿದ್ದ ಇದು ಏಳುತ್ತಿರಲಿಲ್ಲ. ಮೊಮ್ಮಗಳು ಅದಕ್ಕೆ ಮಲ್ಲಿಗೆ ಎಂದು ಹೆಸರಿಟ್ಟಳು. ಆ ಹೆಸರನ್ನು ಅದೊಂದನ್ನು ಬಿಟ್ಟು ಕೇರಿಯವರೆಲ್ಲ ಕೇಳಿದ್ದಾರೆ.

ಬಿಳುಪಿಗೂ ಕಿವುಡಿಗೂ ನಂಟುಂಟೆಂಬುದು ಹಳೆಯ ತಿಳಿವಳಿಕೆ. ನೀಲಿಗಣ್ಣಿನ ಬಿಳಿಯ ಬೆಕ್ಕುಗಳು ಸಾಮಾನ್ಯವಾಗಿ ಕಿವುಡಾಗಿರುವುದನ್ನು ಡಾರ್ವಿನ್ ತನ್ನ ಗ್ರಂಥದಲ್ಲೇ ಗುರುತಿಸಿದ್ದ. ಕಾರಣ ತಿಳಿದದ್ದು ಈಚೆಗೆ. ಚರ್ಮಕ್ಕೂ ರೋಮಕ್ಕೂ ಬಣ್ಣ ಕೊಡುವ ವರ್ಣಕೋಶಗಳು ಒಳಗಿವಿಯ ಶಂಖದಲ್ಲಿಯೂ ಇರುತ್ತವೆ. ಅಲ್ಲಿಯ ದ್ರವದ ಲವಣಾಂಶವನ್ನು ಹದದಲ್ಲಿಡಲು ಅವು ಬೇಕು. ಅವಿಲ್ಲದಿದ್ದರೆ, ಶಬ್ದವನ್ನು ಹಿಡಿಯುವ ಸೂಕ್ಷ್ಮಕೋಶಗಳು ಮರಿ ಹುಟ್ಟಿದ ಕೆಲವೇ ವಾರಗಳಲ್ಲಿ ನಶಿಸುತ್ತವೆ, ಮತ್ತೆ ಹುಟ್ಟುವುದಿಲ್ಲ. ನಾಯಿಮರಿಯ ಕಿವಿ ತೆರೆಯುವುದೇ ಎರಡು ವಾರಕ್ಕೆ. ಅಂದರೆ ತೆರೆದ ಬಾಗಿಲು ಅಷ್ಟರಲ್ಲೇ ಮುಚ್ಚಿಹೋಗುತ್ತದೆ. ಮೈತುಂಬ ಚುಕ್ಕೆಯಿರುವ ಡಾಲ್ಮೇಷಿಯನ್ ತಳಿಯಲ್ಲಿ 100ಕ್ಕೆ ಸುಮಾರು 30 ನಾಯಿಗಳಿಗೆ ಒಂದು ಕಿವಿಯೋ ಎರಡೂ ಕಿವಿಗಳೋ ಕೇಳವೆಂದು ಅಮೆರಿಕದಲ್ಲಿ ನಡೆದ ಪರೀಕ್ಷೆಗಳು ತೋರಿಸಿವೆ. ಬಿಳಿಯ ನಾಯಿಗಳೆಲ್ಲ ಕಿವುಡಲ್ಲ ಎಂಬುದನ್ನೂ ಕೂಡಲೇ ಸೇರಿಸಬೇಕು. ಇಲ್ಲವಾದರೆ ನಾಳೆ ನಾಲೆಯ ಏರಿಯ ಮೇಲೆ ಇನ್ನಷ್ಟು ಚೀಲಗಳು ಕಂಡಾವು.

ಒಡಹುಟ್ಟಿದವುಗಳ ನಡುವೆ ಇರುವಷ್ಟು ಕಾಲ ಮರಿಯ ಕಿವುಡು ಪತ್ತೆಯಾಗುವುದಿಲ್ಲ. ಉಳಿದವು ಎದ್ದರೆ ಇದೂ ಏಳುತ್ತದೆ, ಅವು ಓಡಿದರೆ ಇದೂ ಓಡುತ್ತದೆ. ಆಟದಲ್ಲಿ ಮಾತ್ರ ತುಸು ಗಟ್ಟಿಯಾಗಿ ಕಚ್ಚೀತು. ಕಚ್ಚಿಸಿಕೊಂಡದ್ದರ ಕೂಗು ಇದಕ್ಕೆ ಕೇಳಿಸದಲ್ಲ! ಇದನ್ನು ಕಂಡು ಒರಟು ಮರಿ, ಹಟಮಾರಿ ಮರಿ ಎಂದು ಹೊಡೆಯುವವರಿದ್ದಾರೆ. ಪರೀಕ್ಷಿಸಬೇಕಾದರೆ ಅದು ಒಂಟಿಯಾಗಿ ಮಲಗಿರುವಾಗ, ಗಾಳಿ ತಾಕದಂತೆ, ನೆಲ ಅದುರದಂತೆ, ನೆರಳು ಬೀಳದಂತೆ ಹಿಂದೆ ನಿಂತು ಬೀಗದಕೈ ಗೊಂಚಲನ್ನು ಅಲುಗಿಸಿ ನೋಡಬೇಕು. ಒಂದೇ ಕಿವಿ ಕೇಳುವ ಮರಿ ಎದ್ದೀತು, ಆದರೆ ಸದ್ದು ಬಂದ ದಿಕ್ಕು ತಿಳಿಯದೆ ಅತ್ತಿತ್ತ ನೋಡೀತು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಹಸುಗೂಸುಗಳ ಶ್ರವಣವನ್ನು ಪರೀಕ್ಷಿಸುತ್ತಾರೆ. ಸದ್ದಿಗೆ ಮಿದುಳಿನಲ್ಲಿ ಏಳುವ ವಿದ್ಯುತ್ ಸ್ಪಂದನವನ್ನು ಅಳೆಯುವ ಅಂಥದೇ ವಿಧಾನ ನಾಯಿಗಳಿಗೂ ಉಂಟು. ನಿಶ್ಚಯವಾಗಿ ಹೇಳಬಲ್ಲದ್ದು ಅದೊಂದೇ. ಆದರೆ ಹಳ್ಳಿಯ ಮನೆಯಲ್ಲಿ ಬೀಗದಕೈ ಗೊಂಚಲಿನಿಂದಲೇ ತೊಡಗಬೇಕಾದೀತು.

ಶಿಕ್ಷಣದ ಮೊದಲ ಪಾಠ ಕುಳಿತುಕೋ, ಬಾ ಎಂಬುದಲ್ಲ. ನನ್ನನ್ನು ನೋಡು ಎಂಬುದು. ಕೇಳುವ ನಾಯಿಯನ್ನು ಬೆನ್ನ ಹಿಂದಿನಿಂದ ಕರೆಯಬಹುದು. ಇದು ತಾನಾಗಿ ತಿರುಗಿ ನೋಡದ ಹೊರತು ನಮ್ಮ ವಿದ್ಯೆಯೆಲ್ಲ ವ್ಯರ್ಥ. ಆದ್ದರಿಂದ ಮರಿ ತಾನಾಗಿಯೇ ನಮ್ಮ ಮುಖ ನೋಡಿದಾಗಲೆಲ್ಲ ಬೇಯಿಸಿದ ಮೊಟ್ಟೆಯ ಚೂರನ್ನೋ ಮುದ್ದೆಯ ಗುಳಿಗೆಯನ್ನೋ ಕೊಡಬೇಕು. ಹತ್ತು ಹದಿನೈದು ದಿನಗಳಲ್ಲಿ ಮಲ್ಲಿಗೆ ನಾಲ್ಕು ಹೆಜ್ಜೆಗೊಮ್ಮೆ ಹಿಂತಿರುಗಿ ನೋಡತೊಡಗಿತು. ಆಮೇಲೆ ಸನ್ನೆಗಳು. ಅಂಗೈ ಮೇಲೆತ್ತಿದರೆ ಕುಳಿತುಕೋ, ಅಂಗೈ ಎದುರಿಗೆ ಹಿಡಿದರೆ ನಿಲ್ಲು, ಎದೆಯ ಕಡೆಗೆ ಕೈ ಬೀಸಿದರೆ ಬಾ, ಹೆಬ್ಬೆರಳು ಎತ್ತಿದರೆ ಭೇಷ್. ಯಾವ ಸನ್ನೆಯಾದರೂ ಆದೀತು. ಮನೆಯವರೆಲ್ಲರದೂ ಒಂದೇ ಆಗಿರಬೇಕು. ಕಷ್ಟವಿರುವುದು ಇಲ್ಲಿಯೇ, ಅದೂ ಮರಿಯ ಕಡೆಯಿಂದಲ್ಲ. ಮಾತನಾಡುವಾಗ ಕೈಯಾಡಿಸುವುದು ನಮ್ಮ ಕಡೆಯ ಜನರ ಸ್ವಭಾವ. ನಾನೋ ಜೀವಮಾನವೆಲ್ಲ ತರಗತಿಯಲ್ಲಿ ಕೈಬೀಸಿ ಪಾಠ ಹೇಳಿದವನು. ಮನೆಗೆ ಬಂದ ಅತಿಥಿಯೊಡನೆ ಹಳಗನ್ನಡ ವ್ಯಾಕರಣ ಚರ್ಚಿಸುತ್ತಿದ್ದರೆ ಮರಿ ಎದುರಿಗೆ ಒಮ್ಮೆ ಕುಳಿತು, ಒಮ್ಮೆ ಎದ್ದು, ಬಹುಮಾನಕ್ಕಾಗಿ ಕಾಯುತ್ತಿತ್ತು.

ಮಲಗಿದ ಕಿವುಡುಮರಿಯನ್ನು ಥಟ್ಟನೆ ಮುಟ್ಟಬಾರದು. ಬೆಚ್ಚಿ ಕಚ್ಚೀತು, ಅದು ದುಷ್ಟತನವಲ್ಲ, ಭಯ. ಮೊದಲು ಕೈಯನ್ನು ಮೂಗಿನ ಬಳಿ ಹಿಡಿದು ವಾಸನೆ ತಾಕಿಸಬೇಕು, ಬಳಿಕ ಹೆಗಲನ್ನು ಮೆಲ್ಲಗೆ ಸವರಬೇಕು, ಕಣ್ಣು ತೆರೆದೊಡನೆ ತಿನಿಸು ಕೊಡಬೇಕು. ದಿನಕ್ಕೆ ನಾಲ್ಕೈದು ಸಲ ಹೀಗೆ ಮಾಡಿದರೆ ಎಚ್ಚರವಾಗುವುದೆಂದರೆ ಸುಖವೆಂದು ಅದಕ್ಕೆ ರೂಢಿಯಾಗುತ್ತದೆ. ಕಾಲಿನಿಂದ ನೆಲ ತಟ್ಟಿ ಕರೆಯಿರೆಂದು ಹೊರದೇಶದವರು ಬರೆಯುತ್ತಾರೆ. ಅವರದು ಹಲಗೆಯ ನೆಲ; ನಮ್ಮ ಗಾರೆಯ ನೆಲ, ಚಪ್ಪಡಿಯ ನೆಲ ಅಷ್ಟಾಗಿ ಅದುರುವುದಿಲ್ಲ. ಕತ್ತಲಾದ ಮೇಲೆ ಪಡಸಾಲೆಯ ದೀಪವನ್ನು ಎರಡು ಸಲ ಆರಿಸಿ ಹೊತ್ತಿಸುವುದು ನಮಗೆ ಒದಗಿದ ಉಪಾಯ. ಹಗಲಿನಲ್ಲಿ ಅದೂ ಇಲ್ಲ. ಎದ್ದು ಹೋಗಿ ಎದುರಿಗೆ ನಿಲ್ಲಬೇಕು.

ನಾಗಮಂಗಲದ ಕಡೆಯ ಕುರಿಗಾಹಿಯೊಬ್ಬರು ಇದನ್ನೆಲ್ಲ ಕೇಳಿ ನಕ್ಕರು. ಗಾಳಿ ಎದುರಾದಾಗ ಯಾವ ನಾಯಿಗೆ ತಾನೆ ನಮ್ಮ ಕೂಗು ಕೇಳುತ್ತದೆ, ಕೋಲು ಎತ್ತಿದ ಕಡೆ ನೋಡಿ ಓಡುತ್ತದೆ, ಎಂದರು. ನನಗೆ ಅದು ಹೊಳೆದಿರಲಿಲ್ಲ.

ನಾಯಿಗೆ ಮರ್ಯಾದೆ ಸಲ್ಲಿಸುವುದು ನಮ್ಮ ಜಿಲ್ಲೆಗೆ ಹೊಸತಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವನ್ನು ಬಲ್ಲಿರಷ್ಟೆ, ಕ್ರಿ.ಶ. 949-50ರದು, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಗಂಗ ಬೂತುಗನ ಸೇವಕ ಮಣಲೆರನು ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದು ಹಂದಿಯೊಡನೆ ಹೋರಾಡಿ ಅದರೊಂದಿಗೆ ತಾನೂ ಸತ್ತಾಗ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಕಾಳಿಗೆ ಸಂದ ಗೌರವ ಕೆಲಸಕ್ಕೆ ಸಂದದ್ದು. ಆದರೆ ಪಾಂಡವಪುರದಲ್ಲಿ ಕುಳಿತವನಿಗೆ ನೆನಪಾಗುವ ಇನ್ನೊಂದು ನಾಯಿಯುಂಟು. ಮಹಾಪ್ರಸ್ಥಾನದಲ್ಲಿ ಧರ್ಮರಾಯನ ಹಿಂದೆ ನಡೆದ ಆ ನಾಯಿ ಕಾವಲು ಕಾಯಲಿಲ್ಲ, ಬೇಟೆಯಾಡಲಿಲ್ಲ. ಅದನ್ನು ಯಾರೂ ಹೆಸರು ಹಿಡಿದು ಕರೆದಂತೆಯೂ ಇಲ್ಲ. ಹಿಂದೆ ಹಿಂದೆ ಬಂತು, ಅಷ್ಟೆ. ಅದನ್ನು ಬಿಟ್ಟು ಸ್ವರ್ಗದ ರಥವನ್ನೇರಲು ಅವನು ಒಪ್ಪಲಿಲ್ಲ. ಮರಿಯನ್ನು ಚೀಲಕ್ಕೆ ಹಾಕುವ ಮುನ್ನ ಇವೆರಡರಲ್ಲಿ ಯಾವುದರ ಲೆಕ್ಕದಿಂದ ಅಳೆಯುತ್ತಿದ್ದೇವೆಂದು ಕೇಳಿಕೊಳ್ಳಬೇಕು.

ಅಪಾಯವಿರುವುದು ರಸ್ತೆಯಲ್ಲಿ. ಶ್ರೀರಂಗಪಟ್ಟಣದ ಹೆದ್ದಾರಿಯ ಮಾತು ಬಿಡಿ, ಕಬ್ಬು ಕಡಿಯುವ ಕಾಲದಲ್ಲಿ ಹಳ್ಳಿಯ ಓಣಿಗಳಲ್ಲಿಯೂ ಟ್ರ್ಯಾಕ್ಟರುಗಳ ಸಾಲು. ನಿಂತ ಗಾಡಿಯ ನೆರಳಿನಲ್ಲಿ ಮಲಗಿದ ನಾಯಿ ಎಂಜಿನ್ ಸದ್ದಿಗೆ ಎದ್ದು ಪಾರಾಗುತ್ತದೆ, ಇದು ಏಳುವುದಿಲ್ಲ. ಬೇಲಿಯಿಲ್ಲದ ಜಾಗದಲ್ಲಿ ಇದನ್ನು ಹಗ್ಗವಿಲ್ಲದೆ ಬಿಡಲೇಕೂಡದು. ಇಪ್ಪತ್ತು ಅಡಿಯ ಹಗ್ಗವಾದರೆ ಆಡುವ ಸುಖವೂ ಉಳಿಯುತ್ತದೆ. ಕೊರಳಪಟ್ಟಿಯ ಬಿಲ್ಲೆಯಲ್ಲಿ ಕಿವಿ ಕೇಳದೆಂಬುದನ್ನೂ ಫೋನ್ ಸಂಖ್ಯೆಯನ್ನೂ ಬರೆಸಬೇಕು. ಹುಚ್ಚುನಾಯಿ ರೋಗದ ಚುಚ್ಚುಮದ್ದು, ಜಂತುಹುಳುವಿನ ಔಷಧಿ ಎಲ್ಲ ಮರಿಗಳಿಗೆ ಇರುವಂತೆಯೇ. ಈ ಕಿವುಡು ವಂಶದಲ್ಲಿ ಇಳಿಯುವಂಥದಾದ್ದರಿಂದ ಸಂತಾನಹರಣ ಚಿಕಿತ್ಸೆ ಮಾಡಿಸುವುದು ಲೇಸು. ದೀಪಾವಳಿಯ ರಾತ್ರಿ ಊರ ನಾಯಿಗಳೆಲ್ಲ ಮಂಚದ ಕೆಳಗೆ ನಡುಗುತ್ತಿದ್ದರೆ ಇದೊಂದು ಅಂಗಳದಲ್ಲಿ ಕಾಲುಚಾಚಿ ನಿದ್ರಿಸುವುದನ್ನು ನೋಡಿ ನಾನು ಹೊಟ್ಟೆಕಿಚ್ಚುಪಟ್ಟಿದ್ದೇನೆ.

ಇನ್ನೊಂದು ಮಾತು, ಕಿವಿ ಚೆನ್ನಾಗಿರುವ ನಾಯಿಗಳನ್ನು ಸಾಕಿದವರಿಗೆ. ಹತ್ತು ಹನ್ನೆರಡು ವರ್ಷ ಕಳೆಯುವ ಹೊತ್ತಿಗೆ ಬಹಳಷ್ಟು ನಾಯಿಗಳ ಕಿವಿ ಮಂದವಾಗುತ್ತದೆ. ಆಗ ಹೊಸದಾಗಿ ಕಲಿಸುವುದು ನಿಮಗೂ ಅದಕ್ಕೂ ಕಷ್ಟ. ಈಗಲೇ ಪ್ರತಿಯೊಂದು ಮಾತಿನ ಜೊತೆಗೆ ಒಂದು ಕೈಸನ್ನೆಯನ್ನೂ ರೂಢಿ ಮಾಡಿಸಿಡಿ.