ನಗರ-ರಾಜ್ಯವೂ ನದಿಯ ಮೂಲವೂ



ಆಧುನಿಕ ದೇಶವೊಂದರಲ್ಲಿ ನಗರವೇ ರಾಜ್ಯವಾಗಿ ನಡೆಯಬಲ್ಲುದೇ ಎಂಬುದು ಇಂದಿನ ವಿಷಯ. ಅಥೆನ್ಸ್, ವೆನಿಸ್‌ಗಳನ್ನು ವಿದ್ಯಾರ್ಥಿಗಳು ಇತಿಹಾಸದಲ್ಲಿ ಓದಿರುತ್ತಾರೆ. ಆದರೆ ಇದು ಹಳೆಯ ಕಾಲಕ್ಕೇ ಮುಗಿದ ಮಾತಲ್ಲ. ಜರ್ಮನಿಯ 16 ರಾಜ್ಯಗಳಲ್ಲಿ ಬರ್ಲಿನ್, ಹ್ಯಾಂಬರ್ಗ್, ಬ್ರೆಮೆನ್ ಇಂದಿಗೂ ನಗರ-ರಾಜ್ಯಗಳೇ. ಸಿಂಗಪುರವಂತೂ 1965ರ ಆಗಸ್ಟ್ 9ರಂದು ಮಲೇಷ್ಯದಿಂದ ಬೇರ್ಪಟ್ಟು ಸ್ವತಂತ್ರ ರಾಷ್ಟ್ರವಾಯಿತು. ಆಡಳಿತದ ದೃಷ್ಟಿಯಿಂದ ನಗರ-ರಾಜ್ಯ ಸಾಧ್ಯವೆಂಬುದಕ್ಕೆ ಇಷ್ಟು ಸಾಕ್ಷಿ ಸಾಕು.

ನದಿಯ ಮೂಲದಲ್ಲಿ ಬದುಕುವ ನಾವು ಕೇಳಬೇಕಾದುದು ಇನ್ನೊಂದು ಪ್ರಶ್ನೆ. ನಗರ ಬೇರೆಯಾದ ಮೇಲೆ ಅದರ ಸುತ್ತಲಿನ ನಾಡಿನ ಗತಿಯೇನು?

ಬರ್ಲಿನ್ ನಗರವನ್ನು ಬ್ರಾಂಡೆನ್‌ಬರ್ಗ್ ರಾಜ್ಯ ಎಲ್ಲ ಕಡೆಯಿಂದಲೂ ಸುತ್ತುವರಿದಿದೆ. ಎರಡನ್ನೂ ಒಂದುಗೂಡಿಸುವ ಬಗ್ಗೆ 1996ರ ಮೇ 5ರಂದು ಜನಮತ ಕೇಳಲಾಯಿತು. ಬರ್ಲಿನ್ನಿನ ಬಹುಮತ ಒಪ್ಪಿತು; ಬ್ರಾಂಡೆನ್‌ಬರ್ಗಿನಲ್ಲಿ ಮತ ನೀಡಿದವರಲ್ಲಿ ಶೇಕಡ 60ಕ್ಕೂ ಹೆಚ್ಚು ಮಂದಿ ನಿರಾಕರಿಸಿದರು. ಮಹಾನಗರದ ಸಾಲ ತಮ್ಮ ಹೆಗಲೇರೀತು, ತಮ್ಮ ದನಿ ಅಡಗೀತು ಎಂಬುದು ಅವರ ಅಂಜಿಕೆಯಾಗಿತ್ತು. ನಗರದೊಂದಿಗೆ ಒಂದೇ ರಾಜ್ಯದಲ್ಲಿರುವುದು ಹಳ್ಳಿಗೆ ಯಾವಾಗಲೂ ಲಾಭವೆಂದು ಹೇಳಲಾಗದು.

ಹಾಗೆಂದು ಬೇರೆಯಾದರೆ ಹಳ್ಳಿ ಗೆದ್ದಂತೆಯೂ ಅಲ್ಲ. ಸಿಂಗಪುರವು ನೆರೆಯ ಜೊಹೊರ್ ರಾಜ್ಯದ ನದಿಯಿಂದ ದಿನಕ್ಕೆ 25 ಕೋಟಿ ಗ್ಯಾಲನ್‌ವರೆಗೆ ನೀರು ಪಡೆಯಬಹುದೆಂದು 1962ರಲ್ಲಿ ಒಪ್ಪಂದವಾಯಿತು. ಅದರ ಅವಧಿ 2061ರವರೆಗೆ. ದರ ಸಾವಿರ ಗ್ಯಾಲನ್ನಿಗೆ 3 ಸೆನ್, ಅಂದರೆ ಮಲೇಷ್ಯದ ಒಂದು ರಿಂಗಿಟ್‌ನ ನೂರರಲ್ಲಿ ಮೂರು ಪಾಲು. 25 ವರ್ಷಗಳ ನಂತರ ದರ ಪರಿಷ್ಕರಿಸಲು ಅವಕಾಶವಿತ್ತು. 1987ರಲ್ಲಿ ಮಲೇಷ್ಯ ಅದನ್ನು ಬಳಸಿಕೊಳ್ಳಲಿಲ್ಲ. ಆ ಹಕ್ಕು ಕಳೆದುಹೋಯಿತೆಂದು ಸಿಂಗಪುರವೂ, ಇನ್ನೂ ಇದೆಯೆಂದು ಮಲೇಷ್ಯವೂ ವಾದಿಸುತ್ತಿವೆ. ದರ ಮಾತ್ರ ಅಂದಿನದೇ.

ಆದರೆ ಇದೇ ಗಡಿ ನಗರಕ್ಕೂ ಪಾಠ ಕಲಿಸಿತು. ನೆರೆಯವರ ನೀರು ಎಂದಾದರೂ ನಿಂತೀತೆಂಬ ಎಚ್ಚರದಿಂದ ಸಿಂಗಪುರ ತನ್ನ ಭೂಮಿಯ ಮೂರರಲ್ಲಿ ಎರಡು ಭಾಗದ ಮಳೆಯನ್ನು ಜಲಾಶಯಗಳಿಗೆ ಹಾಯಿಸಿಕೊಂಡಿತು. ಬಳಸಿದ ನೀರನ್ನು ಶುದ್ಧಗೊಳಿಸಿ 2003ರಿಂದ ಪುನಃ ಬಳಸುತ್ತಿದೆ. 2005ರಿಂದ ಸಮುದ್ರದ ನೀರನ್ನೂ ಸಿಹಿಗೊಳಿಸುತ್ತಿದೆ. ಜೊಹೊರಿನೊಂದಿಗಿನ 1961ರ ಇನ್ನೊಂದು ಒಪ್ಪಂದ 2011ರಲ್ಲಿ ಮುಗಿದಾಗ ಅದನ್ನು ನವೀಕರಿಸಲಿಲ್ಲ.

ನಮ್ಮ ಬೆಂಗಳೂರಿಗೆ ಇಂಥ ಗಡಿಯಿಲ್ಲ. ಕೊಡಗಿನ ಬೆಟ್ಟದಲ್ಲಿ ಹುಟ್ಟಿದ ಕಾವೇರಿಯ ನೀರನ್ನು ಸುಮಾರು 100 ಕಿಲೋಮೀಟರ್ ದೂರದಿಂದ ಮೇಲೆತ್ತಿ ನಗರಕ್ಕೆ ತರಲಾಗುತ್ತಿದೆ. 2018ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ನಗರದ ಕುಡಿಯುವ ನೀರಿಗೆಂದು 4.75 ಟಿಎಂಸಿ ಅಡಿ ಹೆಚ್ಚು ನೀಡಿತು. 2024ರಲ್ಲಿ ಕಾವೇರಿ ಐದನೆಯ ಹಂತ ಆರಂಭವಾಯಿತು. ಲಿಂಗನಮಕ್ಕಿಯಿಂದ ಶರಾವತಿಯನ್ನೂ ಒಯ್ಯುವ ಪ್ರಸ್ತಾಪ 2019ರಲ್ಲಿ ಬಂದಾಗ ಮಲೆನಾಡು ಪ್ರತಿಭಟಿಸಿತು. ಒಂದು ನದಿ ಸಾಲದಾದಾಗ ಇನ್ನೊಂದು ನದಿಯತ್ತ ನೋಡುವುದು ಗಡಿಯಿಲ್ಲದ ನಗರಕ್ಕೆ ಸುಲಭ.

ಆದಕಾರಣ ನನ್ನ ಅಭಿಪ್ರಾಯವಿಷ್ಟು. ಬೆಂಗಳೂರು ಪ್ರತ್ಯೇಕ ರಾಜ್ಯವಾಗಬೇಕಾಗಿಲ್ಲ. ನೀರಿನ ಮಟ್ಟಿಗೆ ತಾನು ಪ್ರತ್ಯೇಕ ರಾಜ್ಯವೆಂಬಂತೆ ನಡೆದುಕೊಳ್ಳಲಿ. ತನ್ನ ಮಳೆಯ, ಕೆರೆಗಳ, ಬಳಸಿದ ನೀರಿನ ಲೆಕ್ಕವನ್ನು ಮೊದಲು ಒಪ್ಪಿಸಲಿ. ಅನಂತರವೂ ಕೊರತೆಯಿದ್ದರೆ ಜಲಾನಯನದ ಗ್ರಾಮಸಭೆಗಳನ್ನು ಕೂರಿಸಿಕೊಂಡು, ಕಾಲಕಾಲಕ್ಕೆ ಪರಿಷ್ಕರಿಸಬಹುದಾದ ಒಪ್ಪಂದ ಮಾಡಿಕೊಳ್ಳಲಿ.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ವಿನಂತಿ. ನಿಮ್ಮ ಊರಿನ ಮಳೆಯನ್ನು ಅಳೆಯಿರಿ. ಯಾವ ಹಳ್ಳ ಯಾವ ತಿಂಗಳವರೆಗೆ ಹರಿಯಿತೆಂದು ಪ್ರತಿ ವರ್ಷ ಬರೆದಿಡಿ. ನಾಳೆ ಯಾರಾದರೂ ಇಲ್ಲಿ ನೀರು ಹೆಚ್ಚಾಗಿದೆಯೆಂದು ಹೇಳುತ್ತ ಬಂದರೆ, ಅವರ ಮುಂದಿಡಲು ನಮ್ಮ ಬಳಿ ಆ ಪುಸ್ತಕವಿರಲಿ.